ಗವಿಯ ಕಲ್ಲಿಗೆ ಮಳೆಯ ಲೆಕ್ಕ ಗೊತ್ತೇ?

ಮೇಘಾಲಯದ ಗವಿಯೊಂದರಲ್ಲಿ ನೆಲದಿಂದ ಎದ್ದು ನಿಂತ ಕಲ್ಲನ್ನು ಸೀಳಿ, ಅದರ ಪದರಗಳಲ್ಲಿ ನಾಲ್ಕು ಸಾವಿರ ವರ್ಷದ ಹಿಂದಿನ ಬರ ಗುರುತಿಸಿದ ವಿಷಯ ಹೋದ ಸಂಚಿಕೆಯಲ್ಲಿ ಬಂದಿತ್ತು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿತ್ರದುರ್ಗ, ದಾವಣಗೆರೆ ಸೀಮೆಯವು. ಬರ ಕಂಡ ಊರಿನವರಿಗೆ ಹಳೇ ಮಳೆಯ ಲೆಕ್ಕದ ಮೇಲೆ ಆಸೆ ಇರುವುದು ಸಹಜವೇ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಬರೆದಿದ್ದೇವೆ. ಗವಿಯ ಚಾವಣಿಯಿಂದ ಇಳಿಬೀಳುವುದು ಸ್ಟ್ಯಾಲಕ್ಟೈಟ್, ನೆಲದಿಂದ ಏಳುವುದು ಸ್ಟ್ಯಾಲಗ್ಮೈಟ್. ಓದಲು ಸಲೀಸಾಗಲಿ ಎಂದು ಇಲ್ಲಿ ‘ಇಳಿಗಲ್ಲು’, ‘ಏಳುಗಲ್ಲು’ ಎಂದು ಕರೆದಿದ್ದೇವೆ.

ಪ್ರಶ್ನೆ: ಚಂದ್ರವಳ್ಳಿಯ ಅಂಕಲಿ ಮಠದ ಗವಿಗೆ ದಿನಾ ಜನರನ್ನು ಕರೆದುಕೊಂಡು ಹೋಗುತ್ತೇನೆ. ‘ಇಲ್ಲೂ ಅಂಥ ಕಲ್ಲು ಇದೆಯಾ, ಸರ್?’ ಎಂದು ಕಾಲೇಜು ಹುಡುಗರು ಕೇಳುತ್ತಾರೆ. ಗೋಡೆಯಲ್ಲಿ ಅಲ್ಲಲ್ಲಿ ಬಿಳಿ ಗೆರೆ ಕಾಣುತ್ತದೆ. ಏನು ಹೇಳಲಿ?
– ಪ್ರವಾಸಿ ಮಾರ್ಗದರ್ಶಿ, ಚಿತ್ರದುರ್ಗ

ಉತ್ತರ: ಇಲ್ಲ ಎಂದೇ ಹೇಳಿ. ಅದು ಗವಿಯ ಕೊರತೆ ಅಲ್ಲ, ಬಂಡೆಯ ಜಾತಿ ಬೇರೆ. ದುರ್ಗದ ಬೆಟ್ಟ, ಚಂದ್ರವಳ್ಳಿಯ ಬಂಡೆ ಎಲ್ಲ ಗ್ರಾನೈಟ್ ಕುಲದವು. ಮಳೆನೀರಿಗೆ ಗ್ರಾನೈಟ್ ಕರಗುವುದಿಲ್ಲ ಎಂದೇ ಹೇಳಬಹುದು. ಕರಗದಿದ್ದರೆ ಹನಿಯ ಜೊತೆ ಬಂದು ಪದರ ಪದರವಾಗಿ ಕೂರಲು ಸರಕೇ ಇರುವುದಿಲ್ಲ. ಅಲ್ಲಿನ ಗವಿ ಬಂಡೆಗಳ ನಡುವಿನ ಸಂದನ್ನು ಮನುಷ್ಯರು ಕೆತ್ತಿ, ಕಟ್ಟಿ ಮಾಡಿಕೊಂಡದ್ದು. ಗಾರೆ ಬಳಿದ ಕಡೆ ನೀರು ಜಿನುಗಿದರೆ ಗಾರೆಯ ಸುಣ್ಣವೇ ಕರಗಿ ಬಿಳಿ ಗೆರೆ ಮೂಡುತ್ತದೆ. ಅದರ ವಯಸ್ಸು ಗಾರೆಗಿಂತ ಹೆಚ್ಚಿರಲಾರದು.

ಏಳುಗಲ್ಲು ಬೆಳೆಯಲು ಸುಣ್ಣಕಲ್ಲು ಬೇಕು, ಇಲ್ಲವೆ ಮೆಗ್ನೀಸಿಯಂ ಬೆರೆತ ಅದರ ದಾಯಾದಿ ಡಾಲೊಮೈಟ್ ಬೇಕು. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ, ವಾಣಿವಿಲಾಸ ಎಂದೇ ಭೂವಿಜ್ಞಾನಿಗಳು ಹೆಸರಿಟ್ಟ ಪದರಗಳಲ್ಲಿ, ಸುಣ್ಣಕಲ್ಲು ಇದೆ. ಆದರೆ ಸುಣ್ಣಕಲ್ಲು ಇದ್ದ ಮಾತ್ರಕ್ಕೆ ಗವಿ ಇರಬೇಕೆಂದಿಲ್ಲ. ಬಿರುಕುಗಳು ಬೇಕು, ಸಾವಿರಾರು ವರ್ಷ ಅದರೊಳಗೆ ನೀರು ಹರಿದಿರಬೇಕು, ಕಲ್ಲಿನಲ್ಲಿ ಮರಳಿನ ಅಂಶ ಕಡಿಮೆ ಇರಬೇಕು. ಹತ್ತಿರದಲ್ಲಿ ನೋಡಬೇಕೆಂದರೆ ಆಂಧ್ರದ ನಂದ್ಯಾಲ ಜಿಲ್ಲೆಯ ಬೇಲಂ ಗವಿಗೆ ಹೋಗಬಹುದು. ನಮ್ಮ ರಾಜ್ಯದಲ್ಲೇ ಎಂದರೆ ಉತ್ತರ ಕನ್ನಡದ ಕಾಡಿನ ಸುಣ್ಣಕಲ್ಲಿನ ಗವಿಗಳಿವೆ.

ಕೈಗೆ ಸಿಕ್ಕ ಕಲ್ಲು ಸುಣ್ಣಕಲ್ಲೋ ಅಲ್ಲವೋ ನೋಡುವುದು ಸುಲಭ. ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಒಂಬತ್ತು ಪಾಲು ನೀರಿಗೆ ಹಾಕಿ ಕಲಸಿ. ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಒಂದು ಹನಿ ಬಿಟ್ಟರೆ ಸುಣ್ಣಕಲ್ಲು ಬುಸುಗುಟ್ಟಿ ನೊರೆ ಬರುತ್ತದೆ. ಡಾಲೊಮೈಟ್ ಗಟ್ಟಿ ಕಲ್ಲಾಗಿದ್ದಾಗ ಸುಮ್ಮನಿರುತ್ತದೆ, ಕೆರೆದು ಪುಡಿ ಮಾಡಿದ ಜಾಗಕ್ಕೆ ಹನಿ ಬಿಟ್ಟರೆ ನೊರೆಯಾಗುತ್ತದೆ. ಇದನ್ನೆಲ್ಲ ಬೀದಿಯಲ್ಲಿ ಬಿದ್ದ ಕಲ್ಲಿನ ಮೇಲೆ ಮಾಡಿ. ಚಂದ್ರವಳ್ಳಿಯಲ್ಲಾಗಲಿ ಕೋಟೆಯಲ್ಲಾಗಲಿ ಗೋಡೆಗೆ ನಿಂಬೆರಸವನ್ನೂ ತಾಗಿಸಬೇಡಿ. ಬಣ್ಣ, ಗಾರೆ ಒಂದು ಸಲ ಹೋದರೆ ಹೋಯಿತು.

ಪ್ರಶ್ನೆ: ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಕಡೆ ಚಾವಣಿಯಿಂದ ಸ್ಟ್ರಾ ಥರದ ಬಿಳಿ ಕಡ್ಡಿಗಳು ಇಳಿದಿವೆ. ಕಟ್ಟಡಕ್ಕೆ ಹನ್ನೆರಡು ವರ್ಷ, ಕಡ್ಡಿ ಆಗಲೇ ಗೇಣುದ್ದ. ಗವಿಯಲ್ಲಿ ಇಷ್ಟು ಬೆಳೆಯಲು ಸಾವಿರಾರು ವರ್ಷ ಬೇಕು ಅನ್ನುತ್ತಾರಲ್ಲ?
– ವ್ಯಾಪಾರಿ, ದಾವಣಗೆರೆ

ಉತ್ತರ: ನೋಡಲು ಅಣ್ಣತಮ್ಮಂದಿರಂತೆ ಕಂಡರೂ ಹುಟ್ಟಿನ ದಾರಿ ಎರಡಕ್ಕೂ ತದ್ವಿರುದ್ಧ.

ಗವಿಯಲ್ಲಿ ಆಗುವುದು ಹೀಗೆ. ಮಳೆನೀರು ಮಣ್ಣಿಗೆ ಇಳಿಯುತ್ತದೆ. ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಅದನ್ನು ಹೀರಿಕೊಂಡ ನೀರು ಸ್ವಲ್ಪ ಹುಳಿಯಾಗಿ, ಕೆಳಗಿನ ಸುಣ್ಣಕಲ್ಲನ್ನು ಕರಗಿಸಿಕೊಂಡು ಗವಿಯ ಚಾವಣಿಗೆ ಬರುತ್ತದೆ. ಗವಿಯ ಗಾಳಿಯಲ್ಲಿ ಆ ಅನಿಲ ಮಣ್ಣಿನಲ್ಲಿದ್ದಷ್ಟು ಇಲ್ಲ. ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಅನಿಲ ಹನಿಯಿಂದ ಹೊರಹೋಗುತ್ತದೆ. ಆಗ ಕರಗಿದ್ದ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ನೀರಿಗೆ ಉಳಿಯುವುದಿಲ್ಲ, ಸುಣ್ಣ ಕ್ಯಾಲ್ಸೈಟ್ ಹರಳಾಗಿ ಕೂರುತ್ತದೆ. ಅಂದರೆ ಗವಿಯ ಹನಿ ಅನಿಲವನ್ನು ಕಳೆದುಕೊಂಡು ಕಲ್ಲಾಗುತ್ತದೆ.

ನಿಮ್ಮ ಚಾವಣಿಯಲ್ಲಿ ಸಿಮೆಂಟಿನೊಳಗಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ನೀರಲ್ಲಿ ಕರಗಿ ಬರುತ್ತದೆ. ಅದು ಹೊರಗೆ ಬಂದ ಕೂಡಲೇ ಗಾಳಿಯಿಂದ ಅನಿಲವನ್ನು ಹೀರಿಕೊಂಡು ಕಲ್ಲಾಗುತ್ತದೆ. ಈ ದಾರಿ ನೂರಾರು ಪಟ್ಟು ಚುರುಕು. ಗವಿಯ ಏಳುಗಲ್ಲು ವರ್ಷಕ್ಕೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಆಸುಪಾಸು ಬೆಳೆಯುತ್ತದೆ, ಎಷ್ಟೋ ಕಡೆ ಅದಕ್ಕೂ ಕಡಿಮೆ. ಕಾಂಕ್ರೀಟಿನ ಕಡ್ಡಿ ಹದವಾಗಿ ಹನಿಯುತ್ತಿದ್ದರೆ ದಿನಕ್ಕೇ ಮಿಲಿಮೀಟರು ಇಳಿದ ಉದಾಹರಣೆಗಳಿವೆ.

ಹವಾಮಾನದ ಲೆಕ್ಕಕ್ಕೆ ಅದು ಬರುವುದಿಲ್ಲ, ಮನೆಯ ಲೆಕ್ಕಕ್ಕೆ ಬರುತ್ತದೆ. ಕಡ್ಡಿ ಇದೆ ಎಂದರೆ ಮೇಲಿನಿಂದ ನೀರು ಸ್ಲ್ಯಾಬಿನೊಳಗೆ ದಾರಿ ಮಾಡಿಕೊಂಡಿದೆ. ಕಡ್ಡಿ ಬಿಳಿ ಇದ್ದರೆ ಸುಣ್ಣ ಮಾತ್ರ ಹೋಗುತ್ತಿದೆ. ಕಂದು ಬಣ್ಣ ತಿರುಗಿದ್ದರೆ ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು, ಆಗ ತಡಮಾಡದೆ ಎಂಜಿನಿಯರರನ್ನು ಕರೆಸಿ. ಕೆಳಗಿನಿಂದ ಬಣ್ಣ ಬಳಿದರೆ ನೀರು ಪಕ್ಕಕ್ಕೆ ಸರಿಯುತ್ತದೆ ಅಷ್ಟೆ, ಸೋರಿಕೆಯನ್ನು ಮೇಲಿನಿಂದಲೇ ಕಟ್ಟಬೇಕು. ಆ ಹನಿ ತೀರಾ ಕ್ಷಾರವಾಗಿರುತ್ತದೆ. ಕಾರಿನ ಬಣ್ಣ ಕೆಡಿಸುತ್ತದೆ, ಚರ್ಮ ಸುಡುತ್ತದೆ. ಕಡ್ಡಿ ಒಡೆಯುವಾಗ ಕೈಗವಸು, ಕನ್ನಡಕ ಇರಲಿ.

ಪ್ರಶ್ನೆ: ಏಳುಗಲ್ಲಿನ ವಯಸ್ಸನ್ನು ಯುರೇನಿಯಂನಿಂದ ಅಳೆಯುತ್ತಾರೆ ಎಂದು ಓದಿದೆ. ಇಂಗಾಲ-14 ಯಾಕೆ ಆಗುವುದಿಲ್ಲ? ಪ್ರಯೋಗಾಲಯದಲ್ಲಿ ಹಂತ ಹಂತವಾಗಿ ಏನು ಮಾಡುತ್ತಾರೆ?
– ಭೂವಿಜ್ಞಾನ ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಈ ವಿದ್ಯೆ ಗಟ್ಟಿಯಾಗುವುದೂ ಹಳ್ಳ ಹಿಡಿಯುವುದೂ ವಯಸ್ಸಿನ ಅಳತೆಯಲ್ಲೇ, ಹಾಗಾಗಿ ಇದಕ್ಕೆ ಸ್ವಲ್ಪ ಜಾಗ ಕೊಡುತ್ತೇವೆ.

ಇಂಗಾಲ-14 ಎಂದರೆ ಕಾಲ ಕಳೆದಂತೆ ಕ್ಷಯಿಸುತ್ತ ಹೋಗುವ ಇಂಗಾಲ, ಎಷ್ಟು ಉಳಿದಿದೆ ಎಂಬುದರಿಂದ ವಯಸ್ಸು ಲೆಕ್ಕ ಹಾಕುತ್ತಾರೆ. ಅದರ ತೊಡಕು ಸುಣ್ಣಕಲ್ಲಿನಿಂದಲೇ ಬರುತ್ತದೆ. ಹನಿಯಲ್ಲಿರುವ ಇಂಗಾಲದಲ್ಲಿ ಒಂದು ಪಾಲು ಮಣ್ಣಿನ ಅನಿಲದ್ದು, ಹೊಸದು. ಇನ್ನೊಂದು ಪಾಲು ಕೋಟ್ಯಂತರ ವರ್ಷದ ಸುಣ್ಣಕಲ್ಲಿನದು, ಅದರಲ್ಲಿ ಇಂಗಾಲ-14 ಪೂರ್ತಿ ಸತ್ತುಹೋಗಿದೆ. ನೂರಕ್ಕೆ ಹತ್ತು ಪಾಲು ಇಂಥ ಸತ್ತ ಇಂಗಾಲ ಸೇರಿದರೆ ಇವತ್ತು ಹುಟ್ಟಿದ ಪದರಕ್ಕೂ ಸುಮಾರು 870 ವರ್ಷ ವಯಸ್ಸು ಬರುತ್ತದೆ. ಆ ಪಾಲು ಗವಿಯಿಂದ ಗವಿಗೆ ಬೇರೆ. ಅದೇ ಗವಿಯಲ್ಲಿ ಒದ್ದೆ ಕಾಲಕ್ಕೊಂದು, ಒಣ ಕಾಲಕ್ಕೊಂದು ಇರುವುದೂ ಉಂಟು. ಹಾಗೆಂದು ಅದು ಪೂರ್ತಿ ನಿಷ್ಪ್ರಯೋಜಕ ಅಲ್ಲ. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ದಿಢೀರ್ ಏರಿತು. ಆ ಏರಿಕೆ ಕಲ್ಲಿನ ತುದಿಯಲ್ಲಿ ಕಂಡರೆ ಕಲ್ಲು ಮೊನ್ನೆ ಮೊನ್ನೆಯವರೆಗೂ ಬೆಳೆಯುತ್ತಿತ್ತು ಎಂಬುದಕ್ಕೆ ಗುರುತಾಯಿತು.

ಯುರೇನಿಯಂ-ಥೋರಿಯಂ ವಿಧಾನ ನಿಂತಿರುವುದು ಒಂದೇ ಸಂಗತಿಯ ಮೇಲೆ. ಯುರೇನಿಯಂ ನೀರಲ್ಲಿ ಕರಗುತ್ತದೆ, ಥೋರಿಯಂ ಕರಗದೆ ಜೇಡಿಮಣ್ಣಿಗೆ ಅಂಟಿಕೊಂಡು ಉಳಿಯುತ್ತದೆ. ಹಾಗಾಗಿ ಹೊಸ ಪದರದಲ್ಲಿ ಯುರೇನಿಯಂ ಇರುತ್ತದೆ, ಥೋರಿಯಂ-230 ಹೆಚ್ಚುಕಡಿಮೆ ಸೊನ್ನೆ. ಯುರೇನಿಯಂ-234 ಕ್ಷಯಿಸಿದಂತೆ ಥೋರಿಯಂ-230 ಕೂಡುತ್ತ ಹೋಗುತ್ತದೆ. ಮೊದಲನೆಯದರ ಅರ್ಧಾಯುಷ್ಯ (ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ) ಸುಮಾರು 2,45,000 ವರ್ಷ, ಎರಡನೆಯದರದು ಸುಮಾರು 75,600 ವರ್ಷ. ಎರಡರ ಅನುಪಾತವೇ ಗಡಿಯಾರ. ಸುಮಾರು ಆರು ಲಕ್ಷ ವರ್ಷದವರೆಗೆ ಈ ಗಡಿಯಾರ ಓದಬಹುದು. ಚೀನಾದ ಗವಿಗಳಿಂದ 6,40,000 ವರ್ಷದ ಮುಂಗಾರಿನ ದಾಖಲೆ ಜೋಡಿಸಿದ್ದು ಹೀಗೆಯೇ. ಅದು ಪ್ರಕಟವಾದದ್ದು 2016ರಲ್ಲಿ.

ಈಗ ಕೆಲಸದ ಹಂತಗಳಿಗೆ ಬರೋಣ. ಕಲ್ಲನ್ನು ಬೆಳೆದ ದಿಕ್ಕಿಗೆ ಉದ್ದುದ್ದ ವಜ್ರದ ಗರಗಸದಲ್ಲಿ ಸೀಳಿ, ನಯ ಮಾಡಿ, ಸ್ಕ್ಯಾನ್ ತೆಗೆದುಕೊಳ್ಳುತ್ತಾರೆ. ಪದರಗಳು ಬಾಗದೆ ಚಪ್ಪಟೆಯಾಗಿರುವ ನಡುಗೆರೆಯೇ ಕೊರೆಯುವ ಜಾಗ. ವಯಸ್ಸಿಗೆ ಒಂದೊಂದು ಸಲ ನೂರರಿಂದ ಮುನ್ನೂರು ಮಿಲಿಗ್ರಾಂ ಪುಡಿ ಬೇಕು. ಯುರೇನಿಯಂ ಹೆಚ್ಚಿದ್ದರೆ ಇನ್ನೂ ಕಡಿಮೆ ಸಾಕು. ಹಲ್ಲಿನ ಡಾಕ್ಟರು ಬಳಸುವಂಥ ಡ್ರಿಲ್ಲನ್ನೇ ನಿಧಾನದ ವೇಗದಲ್ಲಿ ಓಡಿಸಬೇಕು. ಜೋರಾಗಿ ಓಡಿಸಿದರೆ ಬಿಸಿಯೇರಿ ಅರಾಗೊನೈಟ್ (ಅದೇ ಸುಣ್ಣದ ಇನ್ನೊಂದು ಹರಳು ರೂಪ) ಇದ್ದದ್ದು ಕ್ಯಾಲ್ಸೈಟಾಗಿ ಬದಲಾಗುತ್ತದೆ, ಐಸೋಟೋಪ್ (ಒಂದೇ ಧಾತುವಿನ ಹಗುರ, ಭಾರದ ಜಾತಿಗಳು) ಅಳತೆ ಕೆಡುತ್ತದೆ. ಮೇಲಿನ ಮೊದಲ ಪುಡಿ ಎಸೆಯಬೇಕು. ಎರಡು ರಂಧ್ರಗಳ ನಡುವೆ ಡ್ರಿಲ್ಲಿನ ಮೊನೆಯನ್ನು ತೆಳು ಆಮ್ಲದಲ್ಲೂ ಆಲ್ಕೋಹಾಲಿನಲ್ಲೂ ತೊಳೆಯಬೇಕು. ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ನಿಖರ ತೂಕ ಗೊತ್ತಿರುವ ಕೃತಕ ಐಸೋಟೋಪುಗಳನ್ನು (ಥೋರಿಯಂ-229, ಯುರೇನಿಯಂ-233, 236) ಬೆರೆಸುತ್ತಾರೆ. ಮುಂದೆ ರಾಳದ ಕೊಳವೆಯಲ್ಲಿ ಯುರೇನಿಯಂ, ಥೋರಿಯಂ ಬೇರ್ಪಡಿಸುವಾಗ ಸ್ವಲ್ಪ ನಷ್ಟವಾದರೂ, ಬೆರೆಸಿದ್ದೂ ಅದೇ ಪ್ರಮಾಣದಲ್ಲಿ ನಷ್ಟವಾಗುವುದರಿಂದ ಲೆಕ್ಕ ತಪ್ಪುವುದಿಲ್ಲ. ಕೊನೆಗೆ, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಎಣಿಕೆ. ಶುದ್ಧ ಕಲ್ಲಾದರೆ ಕೆಲವು ಸಾವಿರ ವರ್ಷದ ಪದರಕ್ಕೆ ಹತ್ತಿಪ್ಪತ್ತು ವರ್ಷ ಆಚೀಚೆಗೆ ವಯಸ್ಸು ಸಿಗುತ್ತದೆ.

ಎಡವುವುದು ಮುಖ್ಯವಾಗಿ ಮೂರು ಕಡೆ. ಒಂದು, ಪ್ರವಾಹದ ಕೆಸರೋ ದೂಳೋ ಕಲ್ಲಿನೊಳಗೆ ಸಿಕ್ಕಿದ್ದರೆ ಅದರ ಜೊತೆ ಹಳೇ ಥೋರಿಯಂ ಬಂದಿರುತ್ತದೆ, ವಯಸ್ಸು ಹೆಚ್ಚು ತೋರುತ್ತದೆ. ಕೆಸರಿನ ಗುರುತು ಥೋರಿಯಂ-232. ಅದನ್ನೂ ಅಳೆದು ತಿದ್ದುಪಡಿ ಹಾಕುತ್ತಾರೆ. ಕೆಸರು ಹೆಚ್ಚಾದಷ್ಟೂ ತಿದ್ದುಪಡಿ ಊಹೆಯ ಮೇಲೆ ನಿಲ್ಲುತ್ತದೆ, ‘ಹತ್ತಿಪ್ಪತ್ತು ವರ್ಷ’ ಹೋಗಿ ‘ನೂರಾರು ವರ್ಷ’ ಆಗುತ್ತದೆ. ಕೊರೆಯುವ ಮುಂಚೆ ಕಂದು ಪದರ ತಪ್ಪಿಸುವುದೇ ಇದಕ್ಕೆ ಒಳ್ಳೇ ಮದ್ದು. ಎರಡು, ರಂಧ್ರ ರಂಧ್ರವಾದ ಕಲ್ಲಿನಿಂದ ಯುರೇನಿಯಂ ತೊಳೆದು ಹೋಗಿದ್ದರೆ ಆಗಲೂ ವಯಸ್ಸು ಹೆಚ್ಚಾಗಿಯೇ ಕಾಣುತ್ತದೆ. ಕೆಳಗಿನ ಪದರಕ್ಕಿಂತ ಮೇಲಿನದು ಹಳೆಯದು ಎಂದು ಬಂದರೆ ಮೊದಲು ಇದನ್ನೇ ಸಂಶಯಿಸಬೇಕು. ಮೂರನೆಯದು, ಕಲ್ಲು ನಡುವೆ ಬೆಳವಣಿಗೆ ನಿಲ್ಲಿಸಿದ ಕಾಲ. ಎರಡು ವಯಸ್ಸಿನ ನಡುವೆ ನೇರ ಗೆರೆ ಎಳೆದುಬಿಟ್ಟರೆ ಇಲ್ಲದ ಶತಮಾನಗಳನ್ನು ಹುಟ್ಟಿಸಿದಂತೆ. ತೆಳು ಕೊಳೆ ಗೆರೆ, ಹರಳುಗಳ ದಿಕ್ಕು ಬದಲಾದ ಜಾಗ ಕಂಡರೆ ಅದರ ಮೇಲೊಂದು, ಕೆಳಗೊಂದು ವಯಸ್ಸು ಅಳೆಸಿ. ದುಡ್ಡು ಕಡಿಮೆ ಇದ್ದಾಗ ಎಲ್ಲರೂ ಕೈಬಿಡುವುದು ಇದನ್ನೇ, ಆಮೇಲೆ ಎಲ್ಲರೂ ಪಶ್ಚಾತ್ತಾಪ ಪಡುವುದೂ ಇದಕ್ಕೇ.

ಅಂದಾಜಿಗೆ ಹೇಳುವುದಾದರೆ 20 ಸೆಂ.ಮೀ. ಉದ್ದದ ಕಲ್ಲು ವರ್ಷಕ್ಕೆ 0.1 ಮಿ.ಮೀ. ಬೆಳೆದಿದ್ದರೆ 2,000 ವರ್ಷದ ಕಥೆ. ಮಳೆಯ ಗುರುತು ನೋಡಲು ಅರ್ಧ ಮಿಲಿಮೀಟರಿಗೊಮ್ಮೆ ಕೆರೆದರೆ 400 ಮಾದರಿ, ಒಂದೊಂದರಲ್ಲಿ ಐದು ವರ್ಷದ ಸರಾಸರಿ. ಈ ಮಾದರಿಗಳು ಮಾತ್ರ ಚಿಟಿಕೆಗಿಂತ ಕಡಿಮೆ, 50ರಿಂದ 100 ಮೈಕ್ರೋಗ್ರಾಂ. ಫಾಸ್ಫಾರಿಕ್ ಆಮ್ಲ ಸೇರಿಸಿ 70 ಡಿಗ್ರಿಯಲ್ಲಿ ಹೊರಟ ಅನಿಲದ ಆಮ್ಲಜನಕ, ಇಂಗಾಲಗಳ ಐಸೋಟೋಪ್ ಅಳೆಯುತ್ತಾರೆ.

ಪ್ರಶ್ನೆ: ಒಂದೇ ಮಾತಿನಲ್ಲಿ ಹೇಳಿ, ಯಾವ ವರ್ಷ ಎಷ್ಟು ಇಂಚು ಮಳೆ ಬಿತ್ತು ಎಂದು ಆ ಕಲ್ಲು ಹೇಳುತ್ತದೋ ಇಲ್ಲವೋ? ನಮ್ಮ ಕಡೆ ಮುಂಗಾರು ಕೈಕೊಟ್ಟರೂ ಉತ್ತರೆ, ಹಸ್ತ, ಚಿತ್ತೆ ಮಳೆ ಕೈಹಿಡಿಯುತ್ತವೆ. ಅದು ಕಲ್ಲಿಗೆ ಗೊತ್ತಾಗುತ್ತದೆಯೇ?
– ಶೇಂಗಾ ಬೆಳೆಗಾರರು, ಚಳ್ಳಕೆರೆ

ಉತ್ತರ: ಇಲ್ಲ. ಅದು ಮಳೆಮಾಪಕ ಅಲ್ಲ. ನಿಮ್ಮ ಎರಡನೇ ಪ್ರಶ್ನೆ ಇದೆಯಲ್ಲ, ಬಹಳ ಮಂದಿ ಸಂಶೋಧಕರಿಗೆ ತಲೆನೋವು ಕೊಟ್ಟದ್ದು ಅದೇ.

ನೀರಿನಲ್ಲಿರುವ ಸಾವಿರ ಆಮ್ಲಜನಕ ಪರಮಾಣುಗಳಲ್ಲಿ ಸುಮಾರು ಎರಡು ಭಾರದ ಜಾತಿಯವು, ಆಮ್ಲಜನಕ-18. ಮೋಡ ಮಳೆ ಸುರಿಸುವಾಗ ಭಾರದವು ಮೊದಲು ಇಳಿಯುತ್ತವೆ. ಮೋಡ ಸುರಿಸುತ್ತ ಹೋದಂತೆ ಉಳಿದ ನೀರು ಹಗುರವಾಗುತ್ತದೆ. ಹಾಗಾಗಿ ಉಷ್ಣವಲಯದಲ್ಲಿ ಜೋರು ಮಳೆಗಾಲದ ನೀರು ಹಗುರ, ಬರಗಾಲದ್ದು ಭಾರ. ಆ ವ್ಯತ್ಯಾಸ ಹನಿಯ ಮೂಲಕ ಕ್ಯಾಲ್ಸೈಟಿಗೆ ಇಳಿಯುತ್ತದೆ. ಗವಿಯ ಬಿಸಿಯೂ ಸ್ವಲ್ಪ ಕೈಯಾಡಿಸುತ್ತದೆ. ಒಂದು ಡಿಗ್ರಿ ಏರಿದರೆ ಕಲ್ಲಿನ ಆಮ್ಲಜನಕ-18ರ ಅಳತೆ ಸಾವಿರಕ್ಕೆ 0.2ರಷ್ಟು ಇಳಿಯುತ್ತದೆ. ನಮ್ಮಂಥ ಕಡೆ ಮಳೆಯ ಗುರುತು ಅದಕ್ಕಿಂತ ದೊಡ್ಡದು.

ತೊಡಕು ಇಲ್ಲಿಂದ ಶುರು. ದಕ್ಷಿಣ ಭಾರತದಲ್ಲಿ ಬಂಗಾಳ ಕೊಲ್ಲಿಯಿಂದ ಬರುವ ಹಿಂಗಾರು ಮಳೆಯ ನೀರು ಅರಬ್ಬೀ ಸಮುದ್ರದ ಮುಂಗಾರಿಗಿಂತ ಹಗುರ. ವರ್ಷದ ಒಟ್ಟು ಮಳೆ ಅಷ್ಟೇ ಇದ್ದು, ಚಿತ್ತೆ, ಸ್ವಾತಿಯ ಪಾಲು ಹೆಚ್ಚಾದರೂ ಕಲ್ಲು ‘ಮಳೆ ಹೆಚ್ಚಾಯಿತು’ ಎಂಬಂತೆಯೇ ತೋರಿಸುತ್ತದೆ. ಮುಂಗಾರೇ ಪ್ರಧಾನವಾದ ಪಶ್ಚಿಮಘಟ್ಟದಲ್ಲಿ ಈ ಗೊಂದಲ ಕಡಿಮೆ. ಉತ್ತರ ಕನ್ನಡದ ಆಕಳಗವಿ ಎಂಬಲ್ಲಿನ ಕಲ್ಲನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಓದಿ, 331 ವರ್ಷದ ಮಳೆಯ ಏರಿಳಿತವನ್ನು 2004ರಲ್ಲಿ ಪ್ರಕಟಿಸಿದ್ದರು. ಕರ್ನಾಟಕದ ಮಟ್ಟಿಗೆ ನಾವು ಮೊದಲು ಹೆಸರಿಸುವ ಕೆಲಸ ಅದು. ವರ್ಷಕ್ಕೊಂದು ಪದರ ಎಣಿಸಲು ಸಿಕ್ಕಿದ್ದೇ ಅದರ ಬಲ.

ಇನ್ನೊಂದು ತೊಡಕು ನಿಮ್ಮ ಹೊಲದಲ್ಲೇ ಕಾಣುವಂಥದ್ದು. ಸಣ್ಣ ಮಳೆ ಮಣ್ಣಿನ ಮೇಲ್ಪದರ ನೆನೆಸಿ ಆರಿಹೋಗುತ್ತದೆ, ಕೆಳಗೆ ಇಳಿಯುವುದೇ ಇಲ್ಲ. ಗವಿಯ ಚಾವಣಿಗೂ ಅಷ್ಟೆ, ದೊಡ್ಡ ಮಳೆಯ ಸುದ್ದಿ ಮುಟ್ಟುತ್ತದೆ, ತುಂತುರಿನ ಸುದ್ದಿ ಮುಟ್ಟುವುದಿಲ್ಲ. ಇಳಿದ ನೀರೂ ಬಂಡೆಯ ಬಿರುಕಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಳೇ ನೀರಿನ ಜೊತೆ ಬೆರೆತಿರುತ್ತದೆ. ಒಂದು ವರ್ಷದ ಬರ ಮಸುಕಾಗಿ, ಹತ್ತು ವರ್ಷದ ಬರ ಚೆನ್ನಾಗಿ ಕಾಣುವುದು ಇದಕ್ಕೇ.

ನಿಮ್ಮ ಜಿಲ್ಲೆಯದ್ದೇ ಹೋಲಿಕೆ ಕೊಡಬಹುದು. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಾಗೆಂದು ನಡುವಿನ 89 ವರ್ಷ ಒಂದೂ ಒಳ್ಳೇ ಮಳೆ ಆಗಲಿಲ್ಲ ಎನ್ನಲಾದೀತೇ? ಮೇಲಿನ ಕೆರೆಕಟ್ಟೆ, ಬೋರ್‌ವೆಲ್, ಈಚೆಗೆ ಬರುವ ಭದ್ರಾ ನೀರು ಎಲ್ಲ ಆ ಮಟ್ಟದಲ್ಲಿ ಸೇರಿವೆ. ಡ್ಯಾಮಿನ ಮಟ್ಟವನ್ನು ಓದುವ ಹುಷಾರಿಯಲ್ಲೇ ಕಲ್ಲನ್ನೂ ಓದಬೇಕು.

ಆದ್ದರಿಂದ ಒಂದೇ ಅಳತೆ ನಂಬದೆ ಮೂರು ನಾಲ್ಕನ್ನು ಒಟ್ಟಿಗಿಡುತ್ತಾರೆ. ಬಂಡೆಯೊಳಗೆ ನೀರು ಕಡಿಮೆಯಾದಾಗ ಹನಿ ಗವಿ ಮುಟ್ಟುವ ಮುಂಚೆಯೇ ದಾರಿಯಲ್ಲಿ ಸ್ವಲ್ಪ ಕ್ಯಾಲ್ಸೈಟ್ ಕಳೆದುಕೊಳ್ಳುತ್ತದೆ. ಆಗ ಉಳಿದ ನೀರಲ್ಲಿ ಕ್ಯಾಲ್ಸಿಯಂಗೆ ಹೋಲಿಸಿದರೆ ಮೆಗ್ನೀಸಿಯಂ ಏರುತ್ತದೆ, ಸ್ಟ್ರಾನ್ಷಿಯಂ ಏರುತ್ತದೆ, ಭಾರದ ಇಂಗಾಲ-13 ಕೂಡ ಏರುತ್ತದೆ. ಆಮ್ಲಜನಕ-18ರ ಜೊತೆ ಇವು ಮೂರೂ ಒಟ್ಟಿಗೆ ಏರಿದರೆ ಒಣ ಕಾಲ ಎಂದು ಧೈರ್ಯವಾಗಿ ಹೇಳಬಹುದು. ಆಮ್ಲಜನಕ ಒಂದೇ ಏರಿ ಉಳಿದವು ಸುಮ್ಮನಿದ್ದರೆ ಮಳೆಯ ದಿಕ್ಕೋ ಕಾಲವೋ ಬದಲಾಗಿರಬಹುದು.

ಇಂಗಾಲ-13ಕ್ಕೆ ಇನ್ನೊಂದು ಅರ್ಥವೂ ಇದೆ. ಜೋಳ, ರಾಗಿ, ಮೆಕ್ಕೆಜೋಳ, ಬಯಲಿನ ಹುಲ್ಲು ಒಂದು ಬಗೆಯಲ್ಲಿ ಇಂಗಾಲ ಹಿಡಿಯುತ್ತವೆ. ಶೇಂಗಾ, ತೊಗರಿ, ಅಡಿಕೆ, ಕಾಡುಮರಗಳು ಇನ್ನೊಂದು ಬಗೆ. ಮೊದಲಿನವುಗಳ ಕೆಳಗಿನ ಮಣ್ಣಿನ ಅನಿಲ ಭಾರ. ಗವಿಯ ಮೇಲಿನ ಕಾಡು ಕಡಿದು ಜೋಳ ಬಿತ್ತಿದರೂ ಕಲ್ಲಿನಲ್ಲಿ ಇಂಗಾಲ-13 ಏರುತ್ತದೆ. ಅದನ್ನು ಬರ ಎಂದು ಓದಿಬಿಟ್ಟರೆ ತಪ್ಪಾಯಿತು.

ಇಷ್ಟೆಲ್ಲ ದಾಟಿ ಬಂದ ದಾಖಲೆಗಳು ಸುಳ್ಳಲ್ಲ. ಛತ್ತೀಸ್‌ಗಢದ ಬಸ್ತರ್ ಕಡೆಯ ದಂಡಕ್ ಗವಿಯ ಕಲ್ಲು ಸುಮಾರು ಕ್ರಿ.ಶ. 600ರಿಂದ 1500ರವರೆಗಿನ ಮುಂಗಾರನ್ನು ತೋರಿಸುತ್ತದೆ. ಅದರಲ್ಲಿ 14ನೇ ಶತಮಾನದ ನಡುವಿನಿಂದ ಮುಂದೆ ಮೇಲಿಂದ ಮೇಲೆ ದುರ್ಬಲ ಮುಂಗಾರುಗಳಿವೆ. 1396ರಲ್ಲಿ ಶುರುವಾಗಿ ದಖ್ಖನ್ ಪ್ರದೇಶವನ್ನು ಹಿಂಡಿದ ‘ದುರ್ಗಾದೇವಿ ಬರ’ ಆ ಅವಧಿಯೊಳಗೇ ಬರುತ್ತದೆ. ಎಷ್ಟು ಇಂಚು ಎಂದು ಕಲ್ಲು ಹೇಳಲಿಲ್ಲ, ಯಾವ ತಲೆಮಾರುಗಳು ಬರದಲ್ಲಿ ಬೆಂದವು ಎಂದು ಹೇಳಿತು.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಮೇಘಾಲಯನ್ ಯುಗದ ಬಗ್ಗೆ ಚುಟುಕಾಗಿ ತಿಳಿಸಿ.
– ಹೊಳಲ್ಕೆರೆ

ಉತ್ತರ: ಹಿಮಯುಗ ಮುಗಿದ ಸುಮಾರು 11,700 ವರ್ಷದ ಈಚೆಗಿನ ಹೋಲೋಸೀನ್ ಕಾಲವನ್ನು 2018ರಲ್ಲಿ ಮೂರಾಗಿ ಭಾಗಿಸಿದರು: ಗ್ರೀನ್‌ಲ್ಯಾಂಡಿಯನ್, ನಾರ್ತ್‌ಗ್ರಿಪ್ಪಿಯನ್, ಮೇಘಾಲಯನ್. ಕೊನೆಯದರ ಆರಂಭದ ಗುರುತು ಚಿರಾಪುಂಜಿ ಬಳಿಯ ಮಾಮ್ಲು ಗವಿಯ ಏಳುಗಲ್ಲಿನಲ್ಲಿದೆ, ಕ್ರಿ.ಶ. 2000ಕ್ಕೆ 4,250 ವರ್ಷ ಹಿಂದೆ. ಮೊದಲೆರಡರ ಗುರುತು ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಿಂದ ಕೊರೆದು ತೆಗೆದ ಕಂಬಗಳಲ್ಲಿ. ಪರೀಕ್ಷೆಗೆ ಇಷ್ಟು ಸಾಕು. ಪರೀಕ್ಷೆಯ ಆಚೆಗೆ ಒಂದು ಮಾತು: ಅದೇ ಈಶಾನ್ಯದಲ್ಲಿ ಆಮೇಲೆ ಇನ್ನೂ ಹೆಚ್ಚು ವಯಸ್ಸು ಅಳೆದು ಓದಿದ ಕಲ್ಲಿನಲ್ಲಿ, ಮೇಘಾಲಯನ್ ಆರಂಭಕ್ಕೆ ಗುರುತಾದ ಆ ನಾಲ್ಕು ಸಾವಿರ ವರ್ಷದ ಹಿಂದಿನ ಬರ ಒಂದೇ ಏಟಿಗೆ ಬಿದ್ದದ್ದಾಗಿ ಕಾಣುವುದಿಲ್ಲ, ದಶಕಗಳ ಕಾಲದ ದುರ್ಬಲ ಮುಂಗಾರುಗಳ ಸರಣಿಯಾಗಿ ಕಾಣುತ್ತದೆ. ಯುಗದ ಗಡಿ ನಿಂತಿದೆ, ಗಡಿಯಲ್ಲಿ ಏನಾಯಿತು ಎಂಬ ಚರ್ಚೆ ನಡೆದಿದೆ.

ಪ್ರಶ್ನೆ: ನಮ್ಮ ಎರೆಹೊಲದಲ್ಲಿ ನೇಗಿಲಿಗೆ ಸುಣ್ಣದ ಉಂಡೆಗಳು ಸಿಗುತ್ತವೆ. ಗವಿ ಇಲ್ಲದ ಊರಿಗೆ ಇವೇ ಆಗಬಾರದೇಕೆ? ಕೆರೆಯ ಹೂಳಿನಲ್ಲಿ ಏನಾದರೂ ಸಿಗುತ್ತದೆಯೇ?
– ಜಗಳೂರು

ಉತ್ತರ: ಉಂಡೆಯ ರಸಾಯನ ಗವಿಯ ಕಲ್ಲಿನದೇ. ಸುಣ್ಣವನ್ನು ತೊಳೆದು ಕೆಳಕ್ಕೆ ಒಯ್ಯುವಷ್ಟು ಮಳೆ ಇಲ್ಲದ ಒಣಸೀಮೆಯಲ್ಲಿ ಅದು ಮಣ್ಣಿನಲ್ಲೇ ಕಟ್ಟಿಕೊಳ್ಳುತ್ತದೆ. ಐಸೋಟೋಪ್ ಅಳೆದು, ಆ ನೆಲದಲ್ಲಿ ಹುಲ್ಲು ಹೆಚ್ಚಿತ್ತೋ ಮರ ಹೆಚ್ಚಿತ್ತೋ ಎಂದು ಹೇಳಲು ಬರುತ್ತದೆ. ಆದರೆ ಕಲ್ಲಿನಂತೆ ಪದರದ ಮೇಲೆ ಪದರ ಇಲ್ಲ. ಒಂದೇ ಉಂಡೆಯಲ್ಲಿ ನೂರಾರು, ಸಾವಿರಾರು ವರ್ಷ ಕಲಸಿಹೋಗಿರುತ್ತದೆ, ಒಳಗೆ ಮಣ್ಣು ಸೇರಿರುವುದರಿಂದ ಯುರೇನಿಯಂ ಗಡಿಯಾರವೂ ಕೆಡುತ್ತದೆ. ಬೇಸಾಯಕ್ಕೆ ಅದೊಂದು ಸೂಚನೆ: ಅಂಥ ಹೊಲದಲ್ಲಿ ಕಬ್ಬಿಣ, ಸತು ಬೆಳೆಗೆ ಸುಲಭವಾಗಿ ದಕ್ಕುವುದಿಲ್ಲ, ಎಳೆ ಎಲೆ ಹಳದಿಯಾದರೆ ಮಣ್ಣು ಪರೀಕ್ಷೆ ಮಾಡಿಸಿ.

ಕೆರೆಯ ಹೂಳು ಒಳ್ಳೇ ದಾಖಲೆ, ಯಾರೂ ಮುಟ್ಟದಿದ್ದರೆ. ನಮ್ಮ ಕೆರೆಗಳಲ್ಲಿ ತಲೆತಲಾಂತರದಿಂದ ಹೂಳೆತ್ತಿ ಹೊಲಕ್ಕೆ ಹೊಡೆದಿದ್ದಾರೆ. ಅದು ಕೆರೆಗೂ ಹೊಲಕ್ಕೂ ಒಳ್ಳೆಯದು, ಇತಿಹಾಸಕ್ಕೆ ಮಾತ್ರ ಪುಟ ಹರಿದಂತೆ. ಸೂಳೆಕೆರೆಯಂಥ ದೊಡ್ಡ ಕೆರೆಯ ಆಳದ ನಡುಭಾಗದಲ್ಲಿ ಮುಟ್ಟದ ಪದರ ಸಿಗುವ ಸಾಧ್ಯತೆ ದಡಕ್ಕಿಂತ ಹೆಚ್ಚು.

ಪ್ರಶ್ನೆ: ಪ್ರವಾಸ ಹೋದಾಗ ಗವಿಯೊಂದರ ಹೊರಗೆ ಮಾರುತ್ತಿದ್ದ ಏಳುಗಲ್ಲಿನ ತುಂಡು ತಂದು ಷೋಕೇಸಿನಲ್ಲಿ ಇಟ್ಟಿದ್ದೇವೆ. ಪರೀಕ್ಷೆಗೆ ಕಳಿಸಿದರೆ ಉಪಯೋಗಕ್ಕೆ ಬರುತ್ತದೆಯೇ?
– ಗೃಹಿಣಿ, ಹಿರಿಯೂರು

ಉತ್ತರ: ಬರುವುದಿಲ್ಲ. ಯಾವ ಗವಿ, ಒಳಗೆ ಯಾವ ಕೋಣೆ, ಮೇಲ್ತುದಿ ಯಾವುದು, ಮುರಿದಾಗ ಹನಿ ಬೀಳುತ್ತಿತ್ತೇ ಎಂಬುದು ಗೊತ್ತಿಲ್ಲದ ಕಲ್ಲು ವಿಳಾಸ ಹರಿದ ಕಾಗದ ಇದ್ದಂತೆ. ಮುಂದೆ ಕೊಳ್ಳಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇವೆ. ಕೊಳ್ಳುವವರು ಇದ್ದರೆ ಮುರಿಯುವವರೂ ಇರುತ್ತಾರೆ.

ಸಂಶೋಧಕರು ಕಲ್ಲನ್ನು ಆರಿಸುವುದು ಬೇರೆಯೇ ಕ್ರಮ. ಅನುಮತಿ ಪಡೆದು, ಬಾಗಿಲಿನಿಂದ ದೂರ, ಗಾಳಿಯಾಡದ, ತೇವ ನೂರಕ್ಕೆ 95ಕ್ಕಿಂತ ಹೆಚ್ಚಿರುವ ಕೋಣೆ ಹುಡುಕುತ್ತಾರೆ. ಗಾಳಿಯಾಡಿದರೆ ಹನಿ ಆವಿಯಾಗಿ ಆಮ್ಲಜನಕದ ಅಳತೆ ಭಾರಕ್ಕೆ ವಾಲುತ್ತದೆ. ಮೇಣದಬತ್ತಿಯಂತೆ ಮೇಲಿಂದ ಕೆಳಗೆ ಒಂದೇ ದಪ್ಪ ಇರುವ ಕಲ್ಲು ಒಳ್ಳೆಯದು, ಹನಿ ಒಂದೇ ಸಮನೆ ಬಿದ್ದಿದೆ ಎಂದರ್ಥ. ಇಳಿಗಲ್ಲನ್ನು ಬಿಟ್ಟು ಏಳುಗಲ್ಲನ್ನೇ ಆರಿಸುವುದೂ ಪದರದ ಸಲುವಾಗಿ. ಇಳಿಗಲ್ಲಿನಲ್ಲಿ ಪದರಗಳು ಮರದ ಉಂಗುರದಂತೆ ಸುತ್ತ ಬೆಳೆದು ಬಿಡಿಸಲು ಕಷ್ಟ. ಆಗಲೇ ಮುರಿದು ಬಿದ್ದದ್ದಿದ್ದರೆ ಅದನ್ನೇ ತೆಗೆದುಕೊಳ್ಳುವುದು, ಇಲ್ಲದಿದ್ದರೆ ಬೆರಳು ಗಾತ್ರದ ಕೊರೆತ ತೆಗೆದು ರಂಧ್ರ ಮುಚ್ಚುವುದು ಈಗಿನ ರೂಢಿ. ಜೊತೆಗೆ ಕನಿಷ್ಠ ಒಂದು ವರ್ಷ ಹನಿಯ ವೇಗ, ಬಿಸಿ, ಗವಿಯ ಗಾಳಿಯ ಅನಿಲ ಅಳೆಯುತ್ತಾರೆ. ಹನಿಯ ಕೆಳಗೆ ಗಾಜಿನ ತಟ್ಟೆ ಇಟ್ಟು ಇವತ್ತಿನ ಕ್ಯಾಲ್ಸೈಟ್ ಬೆಳೆಸಿ, ಇವತ್ತಿನ ಮಳೆಗೂ ಅದಕ್ಕೂ ತಾಳೆಯಾಗುತ್ತದೆಯೇ ನೋಡುತ್ತಾರೆ. ಕೊನೆಯ ಪರೀಕ್ಷೆ: ಅದೇ ಗವಿಯ ಇನ್ನೊಂದು ಕಲ್ಲು ಅದೇ ಕಾಲಕ್ಕೆ ಅದೇ ಏರಿಳಿತ ತೋರಿಸಬೇಕು. ಒಂದೇ ಕಲ್ಲಿನ ಮೇಲೆ ದೊಡ್ಡ ಮಾತು ಹೇಳಿದ ವರದಿ ಕಂಡರೆ ಸ್ವಲ್ಪ ತಡೆದು ಓದಿ.

ಪ್ರಶ್ನೆ: ಎಂಟನೇ ತರಗತಿ ಮಕ್ಕಳಿಗೆ ಇದನ್ನು ತೋರಿಸಲು ಎರಡು ಲೋಟ, ದಾರ, ವಾಷಿಂಗ್ ಸೋಡಾದ ಪ್ರಯೋಗ ಮಾಡಿದೆವು. ಕಡ್ಡಿ ಬಂತು. ಇದು ಸರಿಯಾದ ಹೋಲಿಕೆಯೇ?
– ಸರ್ಕಾರಿ ಶಾಲೆ ಶಿಕ್ಷಕಿ, ಚನ್ನಗಿರಿ

ಉತ್ತರ: ಆಕಾರಕ್ಕೆ ಸರಿ, ಕಾರಣಕ್ಕೆ ಅಲ್ಲ. ಸೋಡಾ ಕಡ್ಡಿ ಬರುವುದು ನೀರು ಆವಿಯಾಗಿ. ಗವಿಯಲ್ಲಿ ಆಗುವುದನ್ನೇ ತೋರಿಸಲು ಎಲೆ ಅಡಿಕೆಯ ಸುಣ್ಣ ಸಾಕು.

ಡಬ್ಬಿಯೊಳಗಿನ ಒದ್ದೆ ಸುಣ್ಣ ಒಂದು ಟೀ ಚಮಚ ತೆಗೆದು ಒಂದು ಲೀಟರ್ ನೀರಿಗೆ ಹಾಕಿ, ಮುಚ್ಚಿ ಕುಲುಕಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಅದು 25 ಮಿ.ಲೀ., ಜೊತೆಗೆ ಮಳೆನೀರೋ ಬ್ಯಾಟರಿಗೆ ಹಾಕುವ ಶುದ್ಧ ನೀರೋ 75 ಮಿ.ಲೀ. ಸೇರಿಸಿ. ಬೋರ್ ನೀರು ಬೇಡ, ಅದರಲ್ಲಿ ಆಗಲೇ ಸುಣ್ಣವಿದೆ. ಇನ್ನೊಂದು ಬಾಟಲಿಯಲ್ಲಿ ಎರಡು ಚಮಚ ಅಡುಗೆ ಸೋಡಾಕ್ಕೆ 100 ಮಿ.ಲೀ. ವಿನೆಗರ್ ಸ್ವಲ್ಪ ಸ್ವಲ್ಪವೇ ಹಾಕಿ, ಬರುವ ಅನಿಲವನ್ನು ಕೊಳವೆಯಲ್ಲಿ ಸುಣ್ಣದ ನೀರಿಗೆ ಬಿಡಿ. ಮೊದಲು ಹಾಲಿನಂತಾಗುತ್ತದೆ. ಮೇಲೆ ಪ್ರಶ್ನೆ ಕೇಳಿದ ದಾವಣಗೆರೆ ವ್ಯಾಪಾರಿಯ ಕಾಂಕ್ರೀಟ್ ಕಡ್ಡಿ ಹುಟ್ಟುವುದು ಹೀಗೆ. ಅನಿಲ ಬಿಡುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ, ಮಣ್ಣಿನ ನೀರು ಸುಣ್ಣಕಲ್ಲನ್ನು ಕರಗಿಸಿಕೊಳ್ಳುವುದು ಹೀಗೆ. ಆ ತಿಳಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿದರೆ ಗುಳ್ಳೆ ಹೊರಟು ಮತ್ತೆ ಬಿಳುಪಾಗುತ್ತದೆ. ಏಳುಗಲ್ಲು ಅದೇ.

ಕೆಡುವುದು ಎಲ್ಲಿ? ತೆರೆದಿಟ್ಟು ಒಣಗಿದ ಸುಣ್ಣ ಗಾಳಿಗೆ ಆಗಲೇ ಕಲ್ಲಾಗಿರುತ್ತದೆ, ಹಾಲಾಗುವುದೇ ಇಲ್ಲ. ಸುಣ್ಣದ ನೀರಿಗೆ ನೀರು ಬೆರೆಸದಿದ್ದರೆ ಹಾಲಾಗುತ್ತದೆ, ಆದರೆ ಎಷ್ಟು ಅನಿಲ ಬಿಟ್ಟರೂ ಪೂರ್ತಿ ತಿಳಿಯಾಗುವುದಿಲ್ಲ, ಅಷ್ಟು ಸುಣ್ಣ ಕರಗಿಸುವ ಶಕ್ತಿ ನೀರಿಗಿಲ್ಲ. ಉಸಿರು ಊದಿದರೂ ಹಾಲಾಗಿ ನಿಂತುಬಿಡುತ್ತದೆ, ಉಸಿರಿನಲ್ಲಿ ಆ ಅನಿಲ ನೂರಕ್ಕೆ ನಾಲ್ಕು ಪಾಲು ಮಾತ್ರ. ಮಕ್ಕಳು ಹೀರಿಬಿಡುವ ಅಪಾಯವೂ ಇರುವುದರಿಂದ ಊದಿಸುವುದು ಬೇಡ. ಸುಣ್ಣದ ನೀರು ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಮುಗಿದ ಮೇಲೆ ಪಾತ್ರೆಗೆ ಅಂಟಿದ ಬಿಳಿ ಉಜ್ಜಿದರೆ ಹೋಗುವುದಿಲ್ಲ, ಉಳಿದ ವಿನೆಗರ್ ಒಂದು ಚಮಚ ಹಾಕಿ ಬಿಡಿ.